ಬೈಬಲ್ ಓದಿದರಷ್ಟೇ ಸಾಕೇ?

ಪ್ರಶ್ನೆ: ದೇವರ ಜ್ಞಾನದಲ್ಲಿ ಬೆಳೆಯಬೇಕು ಅನ್ನುತ್ತಾರೆ. ಬೈಬಲ್ ಓದುತ್ತಾ ಹೋದರೆ ಸಾಕೇ?
– ಓದುಗರು, ನವಿ ಪೇಠ, ಸೊಲ್ಲಾಪುರ

ಉತ್ತರ: ಓದು ಬೇಕೇ ಬೇಕು, ಅಷ್ಟೇ ಸಾಲದು. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ ಪೌಲನು ಸತ್ಕಾರ್ಯವನ್ನೂ ದೇವಜ್ಞಾನವನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ.

ನಮ್ಮ ಘಟ್ಟಸೀಮೆಯಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರನ್ನೇ ನೋಡಿ. ಸಂಸ್ಕೃತ ವಿದುಷಿ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಆಗ ಧರ್ಮ ಸಿಕ್ಕಿತ್ತು, ಕ್ರಿಸ್ತನೇ ಸಿಕ್ಕಿರಲಿಲ್ಲ ಎಂದು ಮುಂದೆ ತಾವೇ ಬರೆದುಕೊಂಡರು. ಎಂಥ ಪ್ರಾಮಾಣಿಕತೆ! ನೀವು ಪುಣೆಗೆ ರೈಲಿನಲ್ಲಿ ಹೋಗುವಾಗ ದೌಂಡ್ ದಾಟಿದ ಮೇಲೆ ಕೇಡಗಾಂವ್ ಬರುತ್ತದಲ್ಲ, ಅಲ್ಲೇ ಬರಗಾಲದ ಅನಾಥ ಹೆಣ್ಣುಮಕ್ಕಳಿಗೆ ಅನ್ನ, ಅಕ್ಷರ, ಕೈಕೆಲಸ ಕೊಟ್ಟರು. ಅಂಥವರಿಗೂ ತಿಳಿಯಲೆಂದು ಗ್ರೀಕ್, ಹೀಬ್ರೂ ಕಲಿತು, ಇಡೀ ಬೈಬಲನ್ನು ಸರಳ ಮರಾಠಿಗೆ ತಂದರು. 1922ರಲ್ಲಿ ತೀರಿಕೊಳ್ಳುವವರೆಗೂ ಅವರ ಕೈಯಲ್ಲಿದ್ದುದು ಅದೇ ಕೆಲಸ.