ಕೋಟಿ-ಚೆನ್ನಯರು ಮತ್ತು ಬೇವುಲ್ಫ್

ಮೂಡುಬಿದಿರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ಬೆಳುವಾಯಿ. ಈ ಸೀಮೆಯ ಗದ್ದೆಗಳಲ್ಲಿ ನೇಜಿ ನೆಡುವ ಹೆಂಗಸರು ಪಾಡ್ದನ ಎಂಬ ತುಳು ಕಥನಗೀತೆ ಹೇಳುತ್ತಿದ್ದರು. ಒಬ್ಬಾಕೆ ಸಾಲು ಎತ್ತಿಕೊಟ್ಟರೆ ಉಳಿದವರು ದನಿಗೂಡಿಸುವರು. ತುಳುನಾಡಿನ ಪಾಡ್ದನಗಳಲ್ಲಿ ಮನೆಮಾತಾದದ್ದು ಅವಳಿ ವೀರರಾದ ಕೋಟಿ-ಚೆನ್ನಯರ ಕಥೆ.

ಇದರ ಪಕ್ಕದಲ್ಲಿಟ್ಟು ನೋಡಬಹುದಾದದ್ದು ಇಂಗ್ಲಿಷಿನ ಹಳೆಯ ವೀರಕಾವ್ಯ 'ಬೇವುಲ್ಫ್'. 3,182 ಸಾಲು, ಸುಮಾರು ಸಾವಿರ ವರ್ಷ ಹಳೆಯ ಒಂದೇ ಹಸ್ತಪ್ರತಿ. ಪ್ರತಿ ಸಾಲೂ ಎರಡು ತುಂಡು. ಅವನ್ನು ಬೆಸೆಯುವುದು ಪದಗಳ ಮೊದಲ ಧ್ವನಿಯ ಪ್ರಾಸ. ಅಲ್ಲಿ ಒಡೆಯನ ಉಪ್ಪುಂಡವನು ಅವನಿಗಾಗಿ ಜೀವ ಕೊಡಬೇಕು. ಆದರೂ ಕಥಾನಾಯಕ ಮುದಿ ಬೇವುಲ್ಫ್ ಬೆಂಕಿಯುಗುಳುವ ಡ್ರ್ಯಾಗನ್ ಜೊತೆ ಕಾದುವಾಗ ಸಂಗಡಿಗರು ಕಾಡಿಗೆ ಓಡುತ್ತಾರೆ. ನಿಲ್ಲುವವನು ವಿಗ್ಲಾಫ್ ಒಬ್ಬನೇ.

ನಮ್ಮ ಕೋಟಿ-ಚೆನ್ನಯರ ನ್ಯಾಯ ಇನ್ನೂ ಕಠಿಣ. ಗದ್ದೆಯ ನೀರಿನ ಜಗಳದಲ್ಲಿ ಬುದ್ಯಂತನೆಂಬವನನ್ನು ಕೊಂದು, ಪಡುಮಲೆಯ ಅರಸ ಬಲ್ಲಾಳನನ್ನೇ ಧಿಕ್ಕರಿಸಿ ಹೊರಡುತ್ತಾರೆ. ಆಶ್ರಯ ಕೊಟ್ಟ ಎಣ್ಮೂರು ಸೀಮೆಗಾಗಿ ಹೋರಾಡುತ್ತಾರೆ. ಕೋಟಿ ಮಡಿದಾಗ ಚೆನ್ನಯ ತಾನೂ ಪ್ರಾಣ ಬಿಡುತ್ತಾನೆ.

ಬೇವುಲ್ಫನಿಗೆ ಕಡಲಂಚಿನಲ್ಲೊಂದು ಸಮಾಧಿ ದಿಬ್ಬ. ಕೋಟಿ-ಚೆನ್ನಯರಿಗೆ ಗರಡಿ ಎಂಬ ಗುಡಿಗಳಲ್ಲಿ ಇಂದಿಗೂ ನೇಮ ಎಂಬ ಆರಾಧನೆ!

ಹಾಡುಗಾರರ ನೆನಪಿನ ಬಲ ಕಾಣಬೇಕಿದ್ದರೆ ಬೆಳ್ತಂಗಡಿಯತ್ತ ನೋಡಿ. ಉಜಿರೆ ಬಳಿಯ ಮಾಚಾರಿನ ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ ಅವರ ತಂಡದೆದುರು ಸಿರಿ ಎಂಬ ತುಳು ನಾಯಕಿಯ ಕಥೆ ಹಾಡಿದರು. ಕೈಯಲ್ಲಿ ಪುಸ್ತಕವಿಲ್ಲ, ಬಾಯಲ್ಲಿ ಸಿದ್ಧ ನುಡಿಗಟ್ಟುಗಳು, ತಲೆಯಲ್ಲಿ ಇಡೀ ಕಥೆ. ಹಲವು ದಿನಗಳ ಹಾಡಿಕೆ, 15,683 ಸಾಲು. ಬೇವುಲ್ಫಿನ ಸುಮಾರು ಐದು ಪಟ್ಟು! ಅದು 1998ರಲ್ಲಿ ಅಚ್ಚಾಯಿತು.

ನಿಮ್ಮ ಮನೆಯ ಅಜ್ಜಿಗೆ ಪಾಡ್ದನ ಬರುತ್ತದೆಯೇ? ಪಕ್ಕದಲ್ಲಿ ಕೂತು ಕೇಳಿ, ಇವತ್ತೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ.