ವಿಮಾನ ಸಿಮ್ಯುಲೇಟರಿನಲ್ಲಿ ನೆಲದ ಎತ್ತರದ ಅರಿವು

ವಿಮಾನ ಸಿಮ್ಯುಲೇಟರಿನಲ್ಲಿ ನೆಲದ ಎತ್ತರದ ಅರಿವು ಎಂದರೆ ಗಣಕಯಂತ್ರದ ಕೃತಕ ಹಾರಾಟದಲ್ಲಿ ವಿಮಾನಕ್ಕೂ ಅದರ ಕೆಳಗಿನ ಹಾಗೂ ಮುಂದಿನ ನೆಲಕ್ಕೂ ಇರುವ ಅಂತರವನ್ನು ಸದಾ ತಿಳಿದಿರುವುದು. ಯಂತ್ರದೋಷವಿಲ್ಲದ ವಿಮಾನವು ಪೈಲಟ್‌ನ ಅರಿವಿಗೆ ಬಾರದೆ ನೆಲಕ್ಕೆ ಅಪ್ಪಳಿಸುವ ಅಪಘಾತಗಳನ್ನು ತಪ್ಪಿಸಲು ನಿಜವಾದ ವಿಮಾನಯಾನದಲ್ಲಿಯೂ ಇದೇ ಅಭ್ಯಾಸ ಅಗತ್ಯ. 1990ರ ಫೆಬ್ರುವರಿ 14ರಂದು ಇಂಡಿಯನ್ ಏರ್‌ಲೈನ್ಸ್‌ನ 605ನೆಯ ವಿಮಾನವು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ರನ್‌ವೇಗೆ ಮೊದಲೇ ನೆಲಕ್ಕಿಳಿದು, ಅದರಲ್ಲಿದ್ದ 146 ಜನರಲ್ಲಿ 92 ಮಂದಿ ಮೃತಪಟ್ಟರು.

ಸಮುದ್ರಮಟ್ಟ ಮತ್ತು ನೆಲಮಟ್ಟ

ಆಲ್ಟಿಮೀಟರ್ ಗಾಳಿಯ ಒತ್ತಡವನ್ನು ಅಳೆದು ಸಮುದ್ರಮಟ್ಟದಿಂದ ಇರುವ ಎತ್ತರವನ್ನು ತೋರಿಸುತ್ತದೆಯೇ ಹೊರತು ನೆಲದಿಂದ ಇರುವ ಎತ್ತರವನ್ನಲ್ಲ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ದಾವಣಗೆರೆಯ ಸುತ್ತಲಿನ ಬಯಲು ಸುಮಾರು 600 ಮೀಟರ್, ಅಂದರೆ ಹೆಚ್ಚುಕಡಿಮೆ 2,000 ಅಡಿ ಎತ್ತರದಲ್ಲಿದೆ. ಆದ್ದರಿಂದ ಅಲ್ಲಿ ಆಲ್ಟಿಮೀಟರ್ 3,000 ಅಡಿ ತೋರಿಸಿದರೂ ನೆಲ ಕೇವಲ 1,000 ಅಡಿ ಕೆಳಗಿರುತ್ತದೆ.

ಹೊನ್ನಾಳಿಯ ತುಂಗಭದ್ರಾ ತೀರದ ಮೇಲೆ ಸಾಕೆನಿಸುವ ಈ ಎತ್ತರ ಮುಂದೆಯೂ ಸಾಕಾಗದು. ನ್ಯಾಮತಿಯಿಂದ ನೈಋತ್ಯಕ್ಕೆ 100 ನಾಟ್ ವೇಗದಲ್ಲಿ ಹೊರಟರೆ ಅರ್ಧ ಗಂಟೆಯೊಳಗೆ 1,343 ಮೀಟರ್ ಎತ್ತರದ ಕೊಡಚಾದ್ರಿ ಎದುರಾಗುತ್ತದೆ. ಅದು 4,400 ಅಡಿಗೂ ಮಿಗಿಲು. ಚನ್ನಗಿರಿಯ ದಕ್ಷಿಣಕ್ಕಿರುವ ಬಾಬಾಬುಡನ್‌ಗಿರಿ ಶ್ರೇಣಿಯ ಮುಳ್ಳಯ್ಯನಗಿರಿಯಂತೂ 6,300 ಅಡಿ ದಾಟುತ್ತದೆ. ಹೊರಡುವ ಮೊದಲೇ ದಾರಿಯ ಅತ್ಯುನ್ನತ ಬಿಂದುವನ್ನು ಗುರುತಿಸಿ, ಅದಕ್ಕೆ ಕನಿಷ್ಠ 1,000 ಅಡಿ, ಬೆಟ್ಟಸಾಲಿನಲ್ಲಾದರೆ 2,000 ಅಡಿ ಸೇರಿಸಿಕೊಳ್ಳುವುದು ರೂಢಿ.

ಒತ್ತಡದ ಹೊಂದಿಕೆಯೂ ಮುಖ್ಯ. ಸ್ಥಳೀಯ ಒತ್ತಡ 1003 ಹೆಕ್ಟೋಪಾಸ್ಕಲ್ ಇರುವಾಗ ಮಾಪಕವನ್ನು 1013ಕ್ಕೆ ಬಿಟ್ಟರೆ, ವಿಮಾನವು ತೋರುವುದಕ್ಕಿಂತ ಸುಮಾರು 300 ಅಡಿ ಕೆಳಗೆ ಹಾರುತ್ತಿರುತ್ತದೆ.

ನೆಲದ ದತ್ತಾಂಶ

ಸಿಮ್ಯುಲೇಟರಿನ ನೆಲವು ಎತ್ತರದ ಅಂಕಿಗಳ ಜಾಲರಿ. ಫ್ಲೈಟ್‌ಗೇರ್‌ನಂತಹ ಮುಕ್ತ ತಂತ್ರಾಂಶಗಳು 2000ದ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಸಂಗ್ರಹಿಸಿದ ದತ್ತಾಂಶವನ್ನು ಬಳಸಿಕೊಂಡಿವೆ. ಜಾಲರಿಯ ಬಿಂದುಗಳ ನಡುವೆ ಸುಮಾರು 90 ಮೀಟರ್ ಅಂತರವಿದ್ದರೆ ಚೂಪಾದ ಗುಡ್ಡಗಳ ತುದಿ ಮೊಂಡಾಗಿ, ನಿಜಕ್ಕಿಂತ ತಗ್ಗಾಗಿ ಕಾಣುತ್ತದೆ. 30 ಮೀಟರ್ ಅಂತರದ ದತ್ತಾಂಶದಲ್ಲಿ ಈ ಕೊರತೆ ಕಡಿಮೆ. ಇನ್ನೊಂದೆಡೆ, ಆ ರೇಡಾರ್ ಅಲೆಗಳು ದಟ್ಟ ಮರಗಳ ಮೇಲ್ಭಾಗದಿಂದಲೇ ಬಹುಮಟ್ಟಿಗೆ ಹಿಂತಿರುಗುವುದರಿಂದ ಚನ್ನಗಿರಿಯ ಅಡಿಕೆ ತೋಟಗಳಂತಹ ಕಡೆ ನೆಲವು ಕೆಲವು ಮೀಟರ್ ಎತ್ತರವಾಗಿ ದಾಖಲಾಗಬಹುದು. ಜಗಳೂರಿನ ಬಯಲುಸೀಮೆಯ ಕುರುಚಲಿನಲ್ಲಿ ಈ ದೋಷ ಅಷ್ಟಾಗಿ ಕಾಡದು.

ಎಚ್ಚರಿಕೆ ವ್ಯವಸ್ಥೆಗಳು

ರೇಡಿಯೊ ಆಲ್ಟಿಮೀಟರ್ ನೇರ ಕೆಳಗಿನ ನೆಲವನ್ನು ಮಾತ್ರ ಅಳೆಯುತ್ತದೆ. ಎದುರಿನ ಕಡಿದಾದ ಬೆಟ್ಟ ಅದಕ್ಕೆ ಕಾಣದು. 1990ರ ದಶಕದಲ್ಲಿ ಬಳಕೆಗೆ ಬಂದ ಸುಧಾರಿತ ವ್ಯವಸ್ಥೆಯು ವಿಮಾನದ ಸ್ಥಾನವನ್ನು ಎತ್ತರದ ದತ್ತಾಂಶದೊಂದಿಗೆ ಹೋಲಿಸಿ ಮುಂದಿನ ಅಡ್ಡಿಯನ್ನು ಮೊದಲೇ ತಿಳಿಸುತ್ತದೆ. ಸಿಮ್ಯುಲೇಟರುಗಳಲ್ಲಿ ಸಾಮಾನ್ಯವಾದ ಗಾರ್ಮಿನ್ ಜಿ1000 ಪರದೆಯಲ್ಲಿ ವಿಮಾನಕ್ಕಿಂತ 100ರಿಂದ 1,000 ಅಡಿ ಕೆಳಗಿನ ನೆಲ ಹಳದಿಯಾಗಿಯೂ, ಅದಕ್ಕಿಂತ ಹತ್ತಿರದ ಅಥವಾ ಮೇಲಿನ ನೆಲ ಕೆಂಪಾಗಿಯೂ ಕಾಣುತ್ತದೆ. ಪರದೆಯ ದತ್ತಾಂಶ ಮತ್ತು ದೃಶ್ಯದ ನೆಲ ಬೇರೆಬೇರೆ ಮೂಲದವಾಗಿದ್ದರೆ ಬಣ್ಣಕ್ಕೂ ಕಿಟಕಿಯ ಹೊರಗಿನ ಬೆಟ್ಟಕ್ಕೂ ತಾಳೆಯಾಗದಿರಬಹುದು.