ನರದ ಹತ್ತಿರ ಹೋಗದೆಯೇ ನೋವು ನಿಲ್ಲಿಸುವ ಸೂಜಿ!

ತೊಡೆಮೂಳೆ ಮುರಿದಿದೆ, ಮಗು ಪೂರ್ತಿ ಎಚ್ಚರವಾಗಿದೆ, ಆದರೂ ಅಳುತ್ತಿಲ್ಲ! ಇದು ಸಾಧ್ಯವೆಂದು ತಿಳಿದಾಗಿನಿಂದ ನನ್ನ ಬೆರಗು ಇಳಿದೇ ಇಲ್ಲ.

ಬೆಂಗಳೂರಿನ ಹೇರೋಹಳ್ಳಿಯಲ್ಲಿ ಮಹಡಿ ಮೆಟ್ಟಿಲಿನಿಂದ ಬಿದ್ದ ಮಗುವನ್ನು ಆಟೋದಲ್ಲಿ ಮಲಗಿಸಿಕೊಂಡು ಮಾಗಡಿ ರಸ್ತೆ ಹಿಡಿದರೆ ಸುಂಕದಕಟ್ಟೆ, ಸುಮನಹಳ್ಳಿ, ಕಾಮಾಕ್ಷಿಪಾಳ್ಯ, ಒಂದೊಂದು ರಸ್ತೆಯುಬ್ಬಿಗೂ ಕಿರುಚಾಟ. ಮೂಳೆ ಮುರಿದೊಡನೆ ತೊಡೆಯ ದಪ್ಪ ಸ್ನಾಯುಗಳು ಸೆಟೆದು ಮುರಿದ ತುದಿಗಳನ್ನು ಒಂದರ ಮೇಲೊಂದು ಎಳೆಯುತ್ತವೆ. ಆ ನೋವಿಗೆ ಸ್ನಾಯು ಇನ್ನಷ್ಟು ಸೆಟೆಯುತ್ತದೆ. ಮಾರ್ಫಿನ್ ಕೊಟ್ಟರೆ ನೋವು ತಗ್ಗುತ್ತದೆ ನಿಜ, ಆದರೆ ವಾಂತಿ, ಮಂಪರು ಬರಬಹುದು. ಉಸಿರಾಟದ ಮೇಲೂ ಕಣ್ಣಿಟ್ಟಿರಬೇಕು.

ತೊಡೆಸಂದಿನಲ್ಲೇ ಇದಕ್ಕೊಂದು ದಾರಿಯಿದೆ! ಚರ್ಮದ ಕೆಳಗೆ ಎರಡು ಪೊರೆಗಳು: ಮೇಲೆ ಫೇಸಿಯಾ ಲೇಟಾ, ಅದರಡಿ ಫೇಸಿಯಾ ಇಲಿಯಾಕಾ. ಮೊಂಡು ತುದಿಯ ಸೂಜಿ ಇಳಿಯುತ್ತಿದ್ದಂತೆ ಅರಿವಳಿಕೆ ತಜ್ಞರ ಬೆರಳಿಗೆ ಒಂದು ‘ಟಪ್’, ಕೊಂಚ ಒಳಗೆ ಇನ್ನೊಂದು ‘ಟಪ್’. ಅಷ್ಟೇ, ಜಾಗ ಸಿಕ್ಕಿತು! ಈಗಂತೂ ಅಲ್ಟ್ರಾಸೌಂಡ್ ಪರದೆಯಲ್ಲಿ ಎಲ್ಲವೂ ಕಣ್ಣೆದುರಿಗೆ: ಮಿಡಿಯುವ ಕಪ್ಪು ವೃತ್ತ ರಕ್ತನಾಳ, ಅದರ ಹೊರಮಗ್ಗುಲಲ್ಲಿ ತೊಡೆಯ ನರ. ಸೂಜಿ ಆ ನರದಿಂದ ದೂರವೇ ನಿಲ್ಲುತ್ತದೆ! ಪೊರೆಯಡಿ ಬಿಟ್ಟ, ಮರಗಟ್ಟಿಸುವ ಔಷಧ ಗದ್ದೆಗೆ ಹಾಯಿಸಿದ ನೀರಿನಂತೆ ತಾನಾಗಿ ಹರಡಿ ನರವನ್ನು ತಲುಪುತ್ತದೆ. ಸ್ವಲ್ಪ ಹೊತ್ತಿಗೆ ತೊಡೆ ಸಡಿಲವಾಗುತ್ತದೆ. ಮುಂದೆ ಗಂಟೆಗಟ್ಟಲೆ ನಿರಾಳ. ಇದಕ್ಕೇ ‘ಬ್ಲಾಕ್’ ಎನ್ನುತ್ತಾರೆ.

ಫ್ರಾನ್ಸಿನ ಬರ್ನಾರ್ ದಾಲೆನ್ಸ್ ಮತ್ತು ಸಂಗಡಿಗರು 1989ರಲ್ಲಿ ಇದನ್ನು ಪ್ರಕಟಿಸಿದರು, ಅದೂ ಮಕ್ಕಳಲ್ಲೇ ಪರೀಕ್ಷಿಸಿ! ಅಲ್ಲಿಯವರೆಗಿನ ವಿಧಾನ ಪೂರ್ತಿ ಫಲಿಸಿದ್ದು ನೂರಕ್ಕೆ 20 ಮಕ್ಕಳಲ್ಲಿ. ಇದು 95 ಮಕ್ಕಳಲ್ಲಿ. 2007ರಲ್ಲಿ ಅಮೆರಿಕದಲ್ಲಿ ತೊಡೆಮೂಳೆ ಮುರಿದ 55 ಮಕ್ಕಳನ್ನು ಎರಡು ಗುಂಪು ಮಾಡಿ ನೋಡಿದಾಗ, ಮಾರ್ಫಿನ್ ಪಡೆದವರಿಗಿಂತ ಬ್ಲಾಕ್ ಪಡೆದವರಿಗೇ ನೋವು ಕಡಿಮೆಯಿತ್ತು. ಚಿಕ್ಕ ಅಧ್ಯಯನ, ಒಪ್ಪೋಣ. ಇಂಥವು ಇನ್ನೂ ನಡೆಯಬೇಕು, ನಮ್ಮಲ್ಲೂ ನಡೆಯಬೇಕು.

ಎಲ್ಲ ಮುರಿತಕ್ಕೂ ಇದು ಹೊಂದುವುದಿಲ್ಲ. ಮೊಣಕಾಲಿನ ಕೆಳಗೆ ಮುರಿದರೆ ಬೇರೆ ನರಗಳನ್ನು ಹಿಡಿಯಬೇಕು. ಅಲ್ಲಿ ಒಳಗೊಳಗೇ ಬಾವು ಬಿಗಿದು ರಕ್ತ ಓಡಾಟ ನಿಂತುಹೋಗುವ ಅಪಾಯವನ್ನು ಮೊದಲು ಸಾರುವುದು ನೋವೇ, ಹಾಗಾಗಿ ವೈದ್ಯರು ಬಲು ಎಚ್ಚರ ವಹಿಸುತ್ತಾರೆ. ಔಷಧವನ್ನು ಮಗುವಿನ ತೂಕಕ್ಕೆ ತಕ್ಕಂತೆಯೇ ಅಳೆಯಬೇಕು, ಮಿತಿಮೀರಿದರೆ ಹೃದಯಕ್ಕೇ ತೊಂದರೆ. ಸೂಜಿ ಹಾಕುವ ಮೊದಲು ಕಾಲ್ಬೆರಳು ಆಡುತ್ತವೆಯೇ, ಸ್ಪರ್ಶ ತಿಳಿಯುತ್ತದೆಯೇ ನೋಡಿರಬೇಕು.

ಇಷ್ಟೆಲ್ಲ ಬಲ್ಲ ತಜ್ಞರು ನಮ್ಮ ಊರಲ್ಲೇ ಇದ್ದಾರೆ. ಮಗುವಿನ ಕಾಲಿಗೆ ಟ್ರಾಕ್ಷನ್ ಹಾಕಿ ಎಳೆದು ಕಟ್ಟುವ ಮುಂಚೆ, ಅಮ್ಮ ಅಪ್ಪ ಯಾರೇ ಇರಲಿ, ಸಂಕೋಚ ಬಿಟ್ಟು ಕೇಳಿಬಿಡಿ: “ಡಾಕ್ಟ್ರೇ, ನಮ್ಮ ಮಗೂಗೆ ಬ್ಲಾಕ್ ಕೊಡೋಕಾಗುತ್ತಾ?”